ಮುನಿಗಳ ಹಾದಿಯಲ್ಲಿ ಕೆಂಪು ಗುಲಾಬಿ

ಮುನಿಸಂಘವೊಂದರ ಪುರಪ್ರವೇಶವಾಗಲಿದೆ ಎಂಬ ವಾರ್ತೆ ಬಂದೊಡನೆ, ರಾಯಬಾಗ ತಾಲೂಕಿನ ದಿಗ್ಗೇವಾಡಿಯಂತಹ ಹಳ್ಳಿಯಿಂದ ಹಿಡಿದು ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳಂತಹ ಪೇಟೆಯೂರುಗಳವರೆಗೆ ಶ್ರಾವಕರ ಸಡಗರ ಒಂದೇ ಬಗೆಯದು. ಬೀದಿಗೆ ತಳಿರುತೋರಣ, ಅಂಗಳಕ್ಕೆ ರಂಗೋಲಿ, ಪೂರ್ಣಕುಂಭ ಹೊತ್ತ ಶ್ರಾವಿಕೆಯರ ಸಾಲು, ಮುಂದೆ ವಾದ್ಯ, ಹಿಂದೆ ಜಯಘೋಷ. ಇವೆಲ್ಲ ಹಿಂದಿನಿಂದ ಬಂದವು; ಇವುಗಳ ಬಗೆಗೆ ಯಾರ ತಕರಾರೂ ಇಲ್ಲ. ಆದರೆ ಈಚಿನ ದಶಕಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಊರಬಾಗಿಲಿನಿಂದ ಬಸದಿಯವರೆಗೆ ಕೆಂಪು ಗುಲಾಬಿಯ ದಳಗಳನ್ನು ಹಾಸುವುದು. ಎರಡೂ ಬದಿಯಲ್ಲಿ ನಿಂತವರು ಬುಟ್ಟಿಬುಟ್ಟಿಯಾಗಿ ಅದೇ ದಳಗಳನ್ನು ಎರಚುವುದು. ಅನುಕೂಲವಂತರ ಊರಾದರೆ ಯಂತ್ರದ ತೊಟ್ಟಿಯಲ್ಲಿ ತುಂಬಿ ಮೇಲಿನಿಂದ ಸುರಿಸುವುದು. ಹಾದಿ ಕೆಂಪಾದಷ್ಟೂ ಭಕ್ತಿ ಹೆಚ್ಚೆಂಬ ಲೆಕ್ಕ.

ಆ ಹಾದಿಯಲ್ಲಿ ನಡೆಯಬೇಕಾದವರು ಯಾರು? ನಾಲ್ಕು ಮೊಳದ ನೆಲವನ್ನು ನೋಡಿಕೊಂಡು, ಹಸಿರು ಹುಲ್ಲನ್ನೂ ಮೊಳಕೆಯನ್ನೂ ಇರುವೆಯ ಸಾಲನ್ನೂ ತಪ್ಪಿಸಿ, ಜೀವರಹಿತವಾದ ಪ್ರಾಸುಕ ಮಾರ್ಗದಲ್ಲಿಯೇ ಹೆಜ್ಜೆಯಿಡುವೆನೆಂದು ವ್ರತ ತೊಟ್ಟ ನಿರ್ಗ್ರಂಥ ಮುನಿಗಳು. ಕುಳಿತುಕೊಳ್ಳುವ ಮೊದಲು ನೆಲವನ್ನು ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಸವರುವವರು. ಇಪ್ಪತ್ತೆಂಟು ಮೂಲಗುಣಗಳಲ್ಲಿ ಐದು ಸಮಿತಿಗಳು. ಆ ಐದರಲ್ಲಿ ಮೊದಲನೆಯದೇ ಈರ್ಯಾಸಮಿತಿ. ಅಂಥವರ ಪಾದದ ಕೆಳಗೆ ಆ ಮುಂಜಾನೆ ಕಿತ್ತ ಸಚಿತ್ತ ಪುಷ್ಪವನ್ನು ಗಾವುದದುದ್ದಕ್ಕೆ ಹಾಸಿ, ಅದನ್ನು ಸ್ವಾಗತವೆಂದು ಕರೆಯುವ ಸಮಾಜವು ತನ್ನ ಗುರುಗಳ ವ್ರತವನ್ನೇ ಮರೆತಿದೆ ಎನ್ನದೆ ಬೇರೇನೆನ್ನಬೇಕು? ಗುಲಾಬಿಯ ಅಂಚಿಗೆ ಬಂದು ನಿಂತು, ಬದಿಯ ಬರಿನೆಲವನ್ನು ಹುಡುಕಿಕೊಂಡು ನಡೆದ ಮುನಿಗಳನ್ನು ಕಂಡವರು ಈ ಭಾಗದಲ್ಲಿ ಹಲವರಿದ್ದಾರೆ. ಕಂಡವರು ಅರ್ಥ ಮಾಡಿಕೊಳ್ಳಲಿಲ್ಲ. ಮಹಾರಾಜರಿಗೆ ಕಾಲು ಜಾರೀತೆಂಬ ಭಯವೆಂದುಕೊಂಡರು.

ಈ ಮಾತನ್ನು ಹೇಳಲೇಬೇಕಾದ ಊರುಗಳಿವು. ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರು 1872ರಲ್ಲಿ ಜನಿಸಿದ್ದು ಇದೇ ಸೀಮೆಯ ಭೋಜ ಗ್ರಾಮದ ಕುಟುಂಬದಲ್ಲಿ. ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗದಲ್ಲಿ ಹುಟ್ಟಿದವರು. ಇಡೀ ಭಾರತಕ್ಕೆ ನಗ್ನಪಾದದ ನಡಿಗೆಯನ್ನು ಮತ್ತೆ ತೋರಿಸಿಕೊಟ್ಟ ನೆಲದಲ್ಲಿ ಆ ನಡಿಗೆಯ ನಿಯಮವೇ ಹೂವಿನಡಿ ಮುಚ್ಚಿಹೋಗುವುದು ಸಣ್ಣ ಸಂಗತಿಯಲ್ಲ.

ಕೇಳಿದರೆ ಬರುವ ಮೊದಲ ಉತ್ತರ: ಕೆಂಪು ಗುಲಾಬಿ ಪ್ರೀತಿಯ ಸಂಕೇತ, ಗುರುಗಳ ಮೇಲಿನ ಪ್ರೀತಿಯನ್ನು ಇನ್ನು ಹೇಗೆ ತೋರಿಸುವುದು? ಹಾಗಾದರೆ ಈ ಸಂಕೇತದ ಪೂರ್ವಾಪರವನ್ನು ಸ್ವಲ್ಪ ವಿಚಾರಿಸಬೇಕಾಗುತ್ತದೆ. ಪೇಟೆಯಲ್ಲಿ ಹುಂಡಿ ಸ್ವೀಕರಿಸುವವನು ಅದನ್ನು ಬರೆದವರು ಯಾರೆಂದು ನೋಡದೆ ಹಣ ಕೊಡುವುದಿಲ್ಲ. ಸಂಕೇತವೂ ಒಂದು ಹುಂಡಿಯೇ.

ಮೊದಲು ಹೆಸರು. ಗುಲ್ ಎಂದರೆ ಪಾರಸಿಯಲ್ಲಿ ಹೂ, ಆಬ್ ಎಂದರೆ ನೀರು. ಗುಲಾಬ್ ಎಂಬುದು ಮೂಲತಃ ಹೂವಿನ ಹೆಸರೇ ಅಲ್ಲ, ಹೂವಿನಿಂದ ಇಳಿಸಿದ ನೀರಿನ ಹೆಸರು. ಕನ್ನಡಿಗರು ಪನ್ನೀರು ಎನ್ನುವುದು ಅದನ್ನೇ. ನೀರಿನ ಹೆಸರು ಹಿಂದಕ್ಕೆ ಸರಿದು ಗಿಡಕ್ಕೆ ಅಂಟಿಕೊಂಡಿತು. ಪಂಪ, ರನ್ನ, ಜನ್ನರ ಕಾವ್ಯವನಗಳಲ್ಲಿ ಮಲ್ಲಿಗೆಗೂ ಸಂಪಿಗೆಗೂ ತಾವರೆಗೂ ಸಿಕ್ಕ ಮರ್ಯಾದೆ ಈ ಹೆಸರಿಗೆ ಸಿಕ್ಕುವ ಹಾಗಿರಲಿಲ್ಲ; ಆಗಿನ್ನೂ ಆ ಮಾತು ಕನ್ನಡಕ್ಕೆ ಬಂದಿರಲಿಲ್ಲ. ಮೊಗಲರ ಕಾಲದಲ್ಲಿ ಗುಲಾಬಿ ಅತ್ತರು ಅರಮನೆಯ ವಸ್ತುವಾಯಿತು. ನೂರ್‌ಜಹಾನಳ ತಾಯಿ ಅಸ್ಮತ್ ಬೇಗಂ ಪನ್ನೀರಿನ ಮೇಲೆ ತೇಲಿದ ಎಣ್ಣೆಯನ್ನು ಕೂಡಿಸಿ ಈ ಅತ್ತರನ್ನು ಕಂಡುಹಿಡಿದಳೆಂದು ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಒಂದು ಕಿಲೋ ಗುಲಾಬಿ ತೈಲಕ್ಕೆ ಮೂರು ನಾಲ್ಕು ಸಾವಿರ ಕಿಲೋ ಹೂ ಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇವಿನ ಹೂ, ಕೇದಗೆಗಳನ್ನು ತ್ಯಜಿಸುವುದಕ್ಕೆ ಕೊಟ್ಟ ಕಾರಣ ಅಲ್ಪಫಲ ಬಹುವಿಘಾತ, ಅಂದರೆ ದೊರೆಯುವುದು ಸ್ವಲ್ಪ, ಹಾಳಾಗುವುದು ಬಹಳ. ಆ ಮಾತಿಗೆ ಇದಕ್ಕಿಂತ ನಿಚ್ಚಳವಾದ ಲೆಕ್ಕ ಸಿಗಲಾರದು. (ಪರ್ಯುಷಣದಲ್ಲಿ ಗೆಡ್ಡೆಗೆಣಸನ್ನು ಮುಟ್ಟದ ಮನೆಗಳ ಕಪಾಟಿನಲ್ಲಿ ಗುಲಕಂದದ ಬರಣಿ ನಿಶ್ಚಿಂತವಾಗಿ ಕುಳಿತಿರುತ್ತದೆ. ಅದೂ ಹೂವೇ ಎಂಬುದು ಯಾರಿಗೂ ಹೊಳೆಯುವುದಿಲ್ಲ.)

ಇನ್ನು ಬಣ್ಣ. ಕನ್ನಡದಲ್ಲಿ ‘ಗುಲಾಬಿ ಬಣ್ಣ’ ಎಂದರೆ ಕೆಂಪಲ್ಲ, ತಿಳಿಗೆಂಪು. ಸೀರೆ ಅಂಗಡಿಯಲ್ಲಿ ಗುಲಾಬಿ ಸೀರೆ ಕೇಳಿದವರಿಗೆ ಯಾರೂ ರಕ್ತವರ್ಣದ ಸೀರೆ ಬಿಚ್ಚುವುದಿಲ್ಲ. ಭಾಷೆ ಇಲ್ಲಿ ಚರಿತ್ರೆಯನ್ನು ಕಾಪಾಡಿಕೊಂಡಿದೆ. ಪಾರಸಿಕ, ತುರ್ಕಿ, ಯುರೋಪುಗಳ ಹಳೆಯ ಗುಲಾಬಿಗಳು ಬಹುಮಟ್ಟಿಗೆ ಬಿಳಿ ಅಥವಾ ತಿಳಿಗೆಂಪು. ಹೆಚ್ಚೆಂದರೆ ಗಾಢವಾದ ತಿಳಿಗೆಂಪು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಮನೆತನದ ‘ಕೆಂಪು ಗುಲಾಬಿ’ ಎಂದು ಪ್ರಸಿದ್ಧವಾದ ಗ್ಯಾಲಿಕಾ ಜಾತಿಯ ಹೂವನ್ನು ಇಂದು ಯಾರ ಮುಂದಿಟ್ಟರೂ ಅದನ್ನು ಕೆಂಪೆನ್ನಲಾರರು. ನಿಜವಾದ ಕಡುಗೆಂಪು ಚೀನಾ ದೇಶದ ಗುಲಾಬಿಯದು. ಅದು ಯುರೋಪನ್ನು ಮುಟ್ಟಿದ್ದು ಸುಮಾರು 1792ರಲ್ಲಿ; ತಂದು ಬೆಳೆಸಿದವನು ಗಿಲ್ಬರ್ಟ್ ಸ್ಲೇಟರ್, ಈಸ್ಟ್ ಇಂಡಿಯಾ ಕಂಪನಿಯ ಹಡಗು ವ್ಯವಹಾರದಲ್ಲಿದ್ದವನು. ಅದರ ಹಿಂದೆಯೇ ಇನ್ನೂ ಕೆಲವು ಚೀನೀ ಗಿಡಗಳು ಕ್ಯಾಂಟನ್ ಬಂದರಿನಿಂದ ಚಹದ ಹಡಗುಗಳಲ್ಲಿ ಹೋದವು. ಕೆಲವು ಕಲಕತ್ತೆಯ ಸಸ್ಯೋದ್ಯಾನದಲ್ಲಿ ತಂಗಿ ಹೋದವು. ಅವುಗಳನ್ನು ಯುರೋಪಿನ ಗಿಡಗಳೊಂದಿಗೆ ಕೂಡಿಸಿ, ಮತ್ತೆ ಕೂಡಿಸಿ, 1867ರಲ್ಲಿ ಫ್ರಾನ್ಸಿನ ಗಿಯೋ ಎಂಬವನು ‘ಲಾ ಫ್ರಾನ್ಸ್’ ಎಂಬ ತಳಿಯನ್ನು ಹೊರತಂದ ಮೇಲೆ ಹೈಬ್ರಿಡ್ ಟೀ ವರ್ಗ ಹುಟ್ಟಿತು. ಇಂದು ಉದ್ದ ಕಡ್ಡಿಯ ಮೇಲೆ ಒಂಟಿಯಾಗಿ ನಿಲ್ಲುವ ಕೆಂಪು ಗುಲಾಬಿಯೆಲ್ಲ ಆ ಸಂತಾನ. ಅನಾದಿಯಿಂದ ಪ್ರೀತಿಯ ಗುರುತಾಗಿ ಬಂದದ್ದೆಂದು ಹೇಳಲಾಗುವ ಈ ಹೂವು ಹೀಗೆ ಇನ್ನೂರ ಮೂವತ್ತು ವರ್ಷಗಳ ಈಚಿನ ಸರಕು. ಅದನ್ನು ಪೇಟೆಗೆ ತಂದವರು ಕವಿಗಳಲ್ಲ, ಚಹ ವ್ಯಾಪಾರಿಗಳು.

ಸಂಕೇತದ ಕಥೆಯೂ ಸ್ಥಿರವಾದದ್ದಲ್ಲ. ಗ್ರೀಕರಲ್ಲಿ ಪ್ರೇಮದೇವತೆಯ ಪಾದಕ್ಕೆ ಮುಳ್ಳು ನೆಟ್ಟು, ನೆತ್ತರು ಬಿದ್ದು, ಬಿಳಿಯ ಗುಲಾಬಿ ಕೆಂಪಾಯಿತೆಂಬ ಕಥೆಯಿದೆ. ಕ್ರೈಸ್ತರಲ್ಲಿ ಅದು ಹುತಾತ್ಮರ ರಕ್ತದ ಗುರುತಾಯಿತು. ಇಂಗ್ಲೆಂಡಿನ ಎರಡು ಮನೆತನಗಳ ಸಿಂಹಾಸನದ ಕಲಹ 1485ರಲ್ಲಿ ಮುಗಿದಾಗ, ಗೆದ್ದ ಟ್ಯೂಡರ್ ದೊರೆ ಕೆಂಪು ಬಿಳಿಗಳನ್ನು ಕೂಡಿಸಿ ರಾಜಲಾಂಛನ ಮಾಡಿಕೊಂಡ. 1819ರಲ್ಲಿ ಪ್ಯಾರಿಸಿನಲ್ಲಿ ಷಾರ್ಲೋಟ್ ದ ಲಾತೂರ್ ಎಂಬ ಹೆಸರಿನಲ್ಲಿ ‘ಹೂಗಳ ಭಾಷೆ’ಯ ನಿಘಂಟೊಂದು ಪ್ರಕಟವಾಯಿತು, ಯಾವ ಹೂವಿಗೆ ಯಾವ ಅರ್ಥವೆಂದು ಪಟ್ಟಿ ಹಾಕುವ ಅಂತಹ ಪುಸ್ತಕಗಳು ಆ ಮೇಲೆ ಯುರೋಪು ಅಮೆರಿಕಗಳಲ್ಲಿ ಒಂದರ ಹಿಂದೊಂದು ಬಂದವು. 1986ನೆಯ ಇಸವಿಯ ಸಂಗತಿ ಇನ್ನೂ ಸ್ವಾರಸ್ಯದ್ದು. ಆ ಒಂದೇ ವರ್ಷ ಬ್ರಿಟನ್ನಿನ ಕಾರ್ಮಿಕ ಪಕ್ಷ ಕೆಂಪು ಗುಲಾಬಿಯನ್ನು ತನ್ನ ಚಿಹ್ನೆಯಾಗಿ ಸ್ವೀಕರಿಸಿತು. ಬಂಡವಾಳಶಾಹಿಯ ಮುಖಂಡನೆನಿಸಿದ ರೇಗನ್ ಅಧ್ಯಕ್ಷನಾಗಿದ್ದ ಅಮೆರಿಕ ಗುಲಾಬಿಯನ್ನು ರಾಷ್ಟ್ರಪುಷ್ಪವೆಂದು ಘೋಷಿಸಿತು. ಹೂವು ಎರಡಕ್ಕೂ ಬೇಡವೆನ್ನಲಿಲ್ಲ. ಭಾರತದಲ್ಲಿ ಪಂಡಿತ ನೆಹರೂ ಅವರ ಅಂಗಿಯ ಗುಂಡಿಯಲ್ಲಿದ್ದ ಗುಲಾಬಿ ಮಕ್ಕಳ ದಿನಾಚರಣೆಯ ಚಿತ್ರಗಳಲ್ಲಿ ಉಳಿದುಕೊಂಡಿತು. 1991ರ ಆರ್ಥಿಕ ಉದಾರೀಕರಣದ ನಂತರ ಶುಭಾಶಯ ಪತ್ರಗಳ ಅಂಗಡಿಗಳೂ ದೂರದರ್ಶನದ ಹೊಸ ವಾಹಿನಿಗಳೂ ಫೆಬ್ರುವರಿ 14ನ್ನು ಊರೂರಿಗೆ ಮುಟ್ಟಿಸಿದವು. ಈಗ ಫೆಬ್ರುವರಿ 7ಕ್ಕೆ ಗುಲಾಬಿಯದೇ ಪ್ರತ್ಯೇಕ ದಿನವಿದೆ. ಪೇಟೆಯ ಈ ಪಂಚಾಂಗದಿಂದಲೇ ಕೆಂಪು ಗುಲಾಬಿ ಮದುವೆಯ ಮಂಟಪಕ್ಕೆ ಬಂತು, ಮಂಟಪದಿಂದ ರಾಜಕಾರಣಿಗಳ ಮೆರವಣಿಗೆಗೆ, ಅಲ್ಲಿಂದ ಮುನಿಸಂಘದ ಸ್ವಾಗತಕ್ಕೆ. ಈ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಆಗಮದ ಸುಳಿವು ಎಲ್ಲಿಯೂ ಕಾಣುವುದಿಲ್ಲ.

ಕೆಂಪಿನಲ್ಲಿಯೇ ಏನೋ ಅರ್ಥವಿದೆ ಎನ್ನುವವರಿಗೆ ರಸಾಯನಶಾಸ್ತ್ರದ ಒಂದು ಸಂಗತಿ. ಜರ್ಮನಿಯ ರಿಚರ್ಡ್ ವಿಲ್‌ಸ್ಟಾಟರ್ 1913ರ ಸುಮಾರಿಗೆ ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನ ವರ್ಣದ್ರವ್ಯವನ್ನು ಬೇರ್ಪಡಿಸಿದ. ಅದಕ್ಕೆ ಸಯಾನಿನ್ ಎಂದು ಹೆಸರು. ಕೆಂಪು ಗುಲಾಬಿಯ ದಳವನ್ನು ಪರೀಕ್ಷಿಸಿದಾಗ ಸಿಕ್ಕಿದ್ದೂ ಅದೇ ಸಯಾನಿನ್! ಸಸ್ಯವರ್ಣಗಳ ಮೇಲಿನ ಸಂಶೋಧನೆಗೆ ಆತನಿಗೆ 1915ರ ನೊಬೆಲ್ ಪಾರಿತೋಷಕ ಬಂತು. ಒಂದೇ ದ್ರವ್ಯ ಒಂದು ಹೂವಿನಲ್ಲಿ ನೀಲಿಯಾಗಿ, ಇನ್ನೊಂದರಲ್ಲಿ ಕೆಂಪಾಗಿ ತೋರುತ್ತದೆ. ಜೊತೆಗಿರುವ ಲೋಹಾಂಶವೂ ದಳದೊಳಗಿನ ಆಮ್ಲಗುಣವೂ ಅದನ್ನು ನಿರ್ಧರಿಸುತ್ತವೆ. ದ್ರವ್ಯ ಒಂದು, ಪರ್ಯಾಯ ಬೇರೆ ಎಂಬುದು ಜೈನಶಾಲೆಯ ಮಕ್ಕಳಿಗೂ ತಿಳಿದ ಮಾತು. ಪರ್ಯಾಯಕ್ಕೆ ಅಂಟಿಸಿದ ಅರ್ಥವನ್ನೇ ದ್ರವ್ಯದ ಸ್ವಭಾವವೆಂದು ಹಿಡಿದು ಕೂರುವುದು ಆ ಶಾಲೆಯಲ್ಲಿ ಓದಿದವರಿಗೆ ತಕ್ಕದ್ದಲ್ಲ.

ಹಾಗೆಂದು ಕೆಂಪು ಜೈನರಿಗೆ ಅನ್ಯವರ್ಣವೇನೂ ಅಲ್ಲ. ಆರನೆಯ ತೀರ್ಥಂಕರ ಪದ್ಮಪ್ರಭರೂ ಹನ್ನೆರಡನೆಯ ವಾಸುಪೂಜ್ಯರೂ ರಕ್ತವರ್ಣದವರು; ಪದ್ಮಪ್ರಭರ ಲಾಂಛನ ಕೆಂದಾವರೆ. ಮಹಾವೀರ ನಿರ್ವಾಣದ 2500ನೆಯ ವರ್ಷದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಪ್ಪಿದ ಪಂಚವರ್ಣ ಧ್ವಜದಲ್ಲಿ ಕೆಂಪು ಪಟ್ಟಿ ಸಿದ್ಧಪರಮೇಷ್ಠಿಗೆ ಸಂದದ್ದು. ಲೇಶ್ಯೆಗಳ ವಿಚಾರದಲ್ಲಿ, ಶ್ವೇತಾಂಬರರ ಉತ್ತರಾಧ್ಯಯನ ಸೂತ್ರವು ತೇಜೋಲೇಶ್ಯೆಯನ್ನು ಇಂಗಳೀಕದ, ಗಿಳಿಯ ಕೊಕ್ಕಿನ ಕೆಂಪಿಗೆ ಹೋಲಿಸುತ್ತದೆ. ದಿಗಂಬರ ಗ್ರಂಥಗಳಲ್ಲಿ ಅದು ಕಾಯಿಸಿದ ಚಿನ್ನದ ಪೀತ. ಯಾವ ಬಗೆಯಲ್ಲಿ ಹೇಳಿದರೂ ಅದು ಶುಭಲೇಶ್ಯೆಗಳ ಸಾಲಿನದೇ. ಆದುದರಿಂದ ಗುಲಾಬಿ ಮ್ಲೇಚ್ಛರ ಹೂವು, ಕೆಂಪು ಕಾಮದ ಬಣ್ಣ, ಅದಕ್ಕಾಗಿ ಬೇಡ ಎನ್ನುವ ವಾದಕ್ಕೆ ಇಲ್ಲಿ ಜಾಗವಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳ ಮೇಲೆ ಕೈಮಾಡಿ, ಆ ಬಳಿಕ ಪ್ರೇಮಿಗಳ ದಿನಕ್ಕೂ ಬೆದರಿಕೆ ಹಾಕಿದವರದು ಅಂತಹ ವಾದ. ಹೂವನ್ನು ದ್ವೇಷಿಸುವವನ ಕೈಯಲ್ಲಿ ಕೋಲು ಬರುವುದು ತಡವಾಗುವುದಿಲ್ಲ. ಕೊಡುವವನೂ ಪಡೆಯುವವಳೂ ಒಂದು ಹೂವಿನ ಬಗ್ಗೆ ಏನನ್ನು ಭಾವಿಸುತ್ತಾರೆಂಬುದು ಅವರವರ ಮನೆಯ ವಿಷಯ. ಆಕ್ಷೇಪವಿರುವುದು ಹಿಂಸೆಗೆ, ಅದೂ ಧರ್ಮದ ಹೆಸರಿನಲ್ಲಿ ಗಾಡಿಗಟ್ಟಲೆಯಾಗಿ ನಡೆಯುವ ಹಿಂಸೆಗೆ.

ಈ ಹೂವು ಹೇಗೆ ಬೆಳೆಯುತ್ತದೆಂಬುದನ್ನು ಬುಟ್ಟಿ ಹಿಡಿದು ಎರಚುವವರು ನೋಡಿರುವುದು ಅಪರೂಪ. ಹೊಸೂರು, ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸುತ್ತ, ಪುಣೆಯ ಬಳಿಯ ಮಾವಳದಲ್ಲಿ, ಗಡಿಯಾಚೆಯ ಶಿರೋಳ ತಾಲೂಕಿನಲ್ಲಿಯೂ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಲ್ಲಿ ಉದ್ದ ಕಡ್ಡಿಯ ಗುಲಾಬಿ ಬೆಳೆಯುತ್ತದೆ. ‘ತಾಜ್ ಮಹಲ್’ ಎಂಬ ಕೆಂಪು ತಳಿ ಅವುಗಳಲ್ಲಿ ಬಹು ಪ್ರಸಿದ್ಧ. ಪ್ರತಿ ಫೆಬ್ರುವರಿಯಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಕೋಟಿಗಟ್ಟಲೆ ಕಡ್ಡಿಗಳು ದೇಶವಿದೇಶಗಳಿಗೆ ಹೋಗುತ್ತವೆ. ಬಿಡಿ ಹೂವಿನ ಗುಲಾಬಿ ಬಯಲಿನಲ್ಲಿಯೇ ಬೆಳೆಯುವಂಥದು. ಅದು ಬೆಳಗಿನ ಜಾವದಲ್ಲಿ ಕಿತ್ತು ಮೂಟೆಯಾಗಿ ಪೇಟೆಗೆ ಬರುತ್ತದೆ, ಹಾದಿಗೆ ಹಾಸುವ ದಳ ಹೆಚ್ಚಾಗಿ ಇದರದೇ. ಎರಡಕ್ಕೂ ಶತ್ರುಗಳು ಒಂದೇ: ಥ್ರಿಪ್ಸ್ ನುಸಿ, ಕೆಂಪು ಜೇಡನುಸಿ, ಹೇನು, ಬೂದಿರೋಗ. ಎಲೆಯಡಿಯಲ್ಲಿಯೂ ಮೊಗ್ಗಿನ ಪದರಗಳೊಳಗೂ ಇವು ಅಡಗಿರುವುದರಿಂದ ಔಷಧ ಸಿಂಪಡಿಸುವುದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಬೆಳೆ ನಿಂತಿರುವ ತನಕ ಅದು ನಡೆದೇ ಇರಬೇಕು. ಹೊರದೇಶಕ್ಕೆ ಹೋಗುವ ಪ್ರತಿಯೊಂದು ರವಾನೆಗೂ, ಇದರಲ್ಲಿ ನಿಷಿದ್ಧ ಕೀಟಗಳಿಲ್ಲವೆಂಬ ಸರಕಾರಿ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯಾದ ನಿಯಮ. ಜೈನನ ದೃಷ್ಟಿಯಿಂದ ಓದಿದರೆ ಅದು ತ್ರಸಜೀವಿಗಳ ಸಂಹಾರ ಪೂರ್ಣಗೊಂಡಿದೆಯೆಂಬ ದಾಖಲೆ.

ಹೂವಿಗೂ ಈ ವ್ಯವಹಾರದಲ್ಲಿ ಲಾಭವಾಗಿಲ್ಲ. ಕಾಡುಗುಲಾಬಿಗೆ ಇರುವುದು ಐದೇ ದಳ, ನಡುವೆ ಕೇಸರಗಳ ಗೊಂಚಲು; ದುಂಬಿ ಬರುವುದು ಆ ಕೇಸರದ ಪರಾಗಕ್ಕೆ. ತಲೆತಲಾಂತರ ಆಯ್ದು ಬೆಳೆಸಿ ಮನುಷ್ಯ ಆ ಕೇಸರಗಳನ್ನೇ ದಳಗಳನ್ನಾಗಿ ಮಾಡಿಕೊಂಡ. ತುಂಬುದಳದ ಹೂವಿನಲ್ಲಿ ದುಂಬಿಗೆ ಉಳಿದದ್ದು ಅತ್ಯಲ್ಪ. ಹೆಚ್ಚು ದಿನ ಬಾಡದಿರಲೆಂದು ತಳಿಗಳನ್ನು ಆರಿಸುತ್ತ ಹೋದಂತೆ ವಾಸನೆಯೂ ಹೋಯಿತು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪರಿಮಳವಿರುವ ‘ಪಾಪಾ ಮೇಯಾಂ’ ಎಂಬ ಕೆಂಪು ತಳಿಯನ್ನು ಪರಿಮಳವಿಲ್ಲದ ‘ರೂಜ್ ಮೇಯಾಂ’ ತಳಿಯೊಂದಿಗೆ ಹೋಲಿಸಿ, ಸುಗಂಧವನ್ನು ಹುಟ್ಟಿಸುವ ಒಂದು ಕಿಣ್ವ ಎರಡನೆಯದರಲ್ಲಿ ಹೆಚ್ಚುಕಡಿಮೆ ಕೆಲಸವನ್ನೇ ಮಾಡುತ್ತಿಲ್ಲವೆಂದು ತೋರಿಸಿದರು. ಕಣ್ಣಿಗೆ ಕೆಂಪು, ಮೂಗಿಗೆ ಶೂನ್ಯ, ದುಂಬಿಗೆ ನಿರಾಶೆ. ಮೆರವಣಿಗೆಗೆ ಮಾತ್ರ ಇದು ಚೆನ್ನಾಗಿ ಹೊಂದುತ್ತದೆ.

ಎರಡನೆಯ ಉತ್ತರ ಚತುರರದು: ಹೂ ಕಿತ್ತವರು ನಾವಲ್ಲ, ಹೇಗೂ ಪೇಟೆಗೆ ಬಂದದ್ದನ್ನು ಕೊಂಡು ತಂದೆವು. ಈ ಜಾಣತನಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿಯೇ ಬಾಗಿಲು ಹಾಕಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವ ಬೆರಳು ಈ ಗುಣಾಕಾರವನ್ನೂ ಮಾಡಬಲ್ಲದು. ಕೊಳ್ಳುವವನಿಲ್ಲದೆ ಕೀಳುವವನಿಲ್ಲ, ಮುಂಗಡ ಕೊಟ್ಟು ಇಷ್ಟು ಕಿಲೋ ಬೇಕೆಂದು ಹೇಳಿದ ಸಮಿತಿಯದು ಕಾರಿತ, ನೋಡಿ ಶಹಬಾಸ್ ಎಂದವರದು ಅನುಮತ. ವನಕರ್ಮವೆಂಬ ನಿಷಿದ್ಧ ಜೀವಿಕೆಯನ್ನು ವಿವರಿಸುವಾಗ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಎಲೆ ಹಣ್ಣುಗಳ ಜೊತೆಗೆ ಹೂವಿನ ಮಾರಾಟವನ್ನೂ ಹೆಸರಿಸಿದೆ. ತಾನು ಮಾರಬಾರದೆಂದು ಹೇಳಿದ್ದನ್ನು ಇನ್ನೊಬ್ಬನಿಂದ ಮಾರಿಸಿಕೊಂಡು ಪುಣ್ಯ ಕಟ್ಟಿಕೊಳ್ಳುವ ವಿದ್ಯೆ ವರ್ತಕರಿಗೆ ಚೆನ್ನಾಗಿ ಗೊತ್ತು. ಕರ್ಮಕ್ಕೆ ಅದು ಗೊತ್ತಿರುವಂತೆ ಕಾಣುವುದಿಲ್ಲ.

ಮೂರನೆಯದು ಪಂಡಿತರ ಉತ್ತರ, ಗೌರವದಿಂದ ಕೇಳಬೇಕಾದದ್ದು. ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯರನ್ನು ಸ್ತುತಿಸುವಾಗ ಸಮಂತಭದ್ರರು, ಪೂಜೆಯಲ್ಲಿ ಒದಗುವ ಲೇಶಮಾತ್ರ ಸಾವದ್ಯವು ಪುಣ್ಯರಾಶಿಯನ್ನು ಕೆಡಿಸಲಾರದು, ಸಾಗರಕ್ಕೆ ಬಿದ್ದ ವಿಷದ ಕಣದಂತೆ, ಎಂಬರ್ಥದ ಮಾತನ್ನು ಹೇಳಿದ್ದಾರೆ. ದಕ್ಷಿಣದ ಬೀಸಪಂಥ ಪರಂಪರೆಯಲ್ಲಿ ಅಷ್ಟದ್ರವ್ಯಗಳಲ್ಲಿ ನಿಜವಾದ ಪುಷ್ಪವನ್ನು ಏರಿಸುವುದಕ್ಕೆ ಇದು ಆಧಾರ. ಉತ್ತರದ ತೇರಾಪಂಥಿಗಳು ಹದಿನೇಳನೆಯ ಶತಮಾನದಿಂದ ಅದನ್ನು ಬಿಟ್ಟು, ಕೇಸರಿ ಬಣ್ಣದ ಅಕ್ಕಿಯನ್ನೇ ಪುಷ್ಪವೆಂದು ಭಾವಿಸಿ ಏರಿಸುತ್ತಾರೆ. ಆ ವಿವಾದವನ್ನು ಇಲ್ಲಿ ಕೆದಕುವ ಅಗತ್ಯವಿಲ್ಲ. ಬೀಸಪಂಥದ ಪಕ್ಷವನ್ನೇ ಪೂರ್ಣವಾಗಿ ಒಪ್ಪಿದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ: ಆಚಾರ್ಯರು ಹೇಳಿದ್ದು ಲೇಶ, ಬಂದಿಳಿಯುತ್ತಿರುವುದು ಮೂಟೆ. ಕಣ ಯಾವುದು, ಸಾಗರ ಯಾವುದೆಂಬುದು ಅದಲುಬದಲಾದ ಮೇಲೆ ಆ ಶ್ಲೋಕ ಯಾರ ಪರವಾಗಿ ಸಾಕ್ಷಿ ಹೇಳುತ್ತದೆ? ಅದೇ ಆಚಾರ್ಯರು ರತ್ನಕರಂಡಕದಲ್ಲಿ ಪೂಜೆಯ ಮಹಿಮೆಗೆ ಕೊಟ್ಟ ದೃಷ್ಟಾಂತ ರಾಜಗೃಹದ ಕಪ್ಪೆಯದು. ವೀರಜಿನರ ದರ್ಶನಕ್ಕೆ ಹೊರಟ ಆ ಕಪ್ಪೆ ಶ್ರೇಣಿಕನ ಆನೆಯ ಕಾಲಡಿ ಸಿಕ್ಕು ಸತ್ತು ದೇವನಾಯಿತೆಂಬ ಕಥೆ ಎಲ್ಲರಿಗೂ ಗೊತ್ತು. ಅದರ ಬಾಯಲ್ಲಿ ಇದ್ದದ್ದು ಎಷ್ಟು? ಒಂದು ಹೂವು. ಆಚಾರ್ಯರು ಆ ಸಂಖ್ಯೆಯನ್ನು ಬಿಟ್ಟುಬಿಡದೆ ಹೇಳಿದ್ದಾರೆ. ಅಲ್ಲದೆ ಅದು ಜಿನಪಾದಕ್ಕೆ ಹೊರಟ ಹೂವು, ನಡೆಯುವವರ ಕಾಲಡಿಗೆ ಹಾಸಲು ಹೊರಟದ್ದಲ್ಲ. ಪೂಜೆಯ ಪುಷ್ಪಕ್ಕೆ ಶಾಸ್ತ್ರಾಧಾರವಿದೆ ಎನ್ನುವವರು ಹಾದಿಯ ಪುಷ್ಪಕ್ಕೆ ಬೇರೆ ಆಧಾರವನ್ನು ತರಬೇಕು.

ದೊಡ್ಡವರ ಉದಾಹರಣೆಗಳಿವೆಯಲ್ಲ ಎನ್ನುವವರೂ ಇದ್ದಾರೆ. 1981ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದಲ್ಲಿ ಪ್ರಧಾನಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಬಾಹುಬಲಿ ಸ್ವಾಮಿಗೆ ಪುಷ್ಪವೃಷ್ಟಿ ಮಾಡಿದರು. 2018ರ ಗಣರಾಜ್ಯೋತ್ಸವದ ವೇಳೆ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಫಲಪುಷ್ಪ ಪ್ರದರ್ಶನಕ್ಕೆ ಆ ವರ್ಷದ ಮಹಾಮಸ್ತಕಾಭಿಷೇಕದ ನಿಮಿತ್ತ ಬಾಹುಬಲಿಯೇ ವಿಷಯನಾದ. ಸರಕಾರವೂ ಮುಖಂಡರೂ ತೋರಿದ ಆದರ ಅದು, ಅದನ್ನು ಅನಾದರವೆನ್ನಲಾಗದು. ಆದರೆ ವಿಗ್ರಹದ ಕಾಲಿನಿಂದ ಭುಜದವರೆಗೆ ಶಿಲ್ಪಿ ಏನನ್ನು ಕಡೆದಿದ್ದಾನೆಂಬುದನ್ನು ಬೆಟ್ಟ ಹತ್ತಿದವರು ನೋಡಿದ್ದಾರೆ. ಮಾಧವೀಲತೆ. ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತ ಆ ಮಹಾಪುರುಷನ ಮೈಮೇಲೆ ಬಳ್ಳಿ ಹಬ್ಬಿತು. ಆತ ಅದನ್ನು ಕೀಳಲಿಲ್ಲ, ಕೊಡವಲಿಲ್ಲ. ಜಗತ್ತಿನಲ್ಲಿ ಹೂಬಳ್ಳಿಗೆ ಇಂತಹ ಅಭಯ ಕೊಟ್ಟ ಇನ್ನೊಂದು ಪ್ರತಿಮೆಯನ್ನು ತೋರಿಸುವುದು ಕಷ್ಟ. ಆತನ ಗೌರವಕ್ಕಾಗಿ ಕಿತ್ತ ಹೂಗಳ ರಾಶಿಯ ಮುಂದೆ ನಿಂತವರಿಗೆ ಇದು ಒಂದು ಕ್ಷಣವಾದರೂ ನೆನಪಾಗಬೇಕಿತ್ತು.

ಕೊನೆಯದು ಅರ್ಥಶಾಸ್ತ್ರದ ಉತ್ತರ. ಹೂ ಬೆಳೆದವರ, ಕಟ್ಟುವವರ, ಮಾರುವವರ ಹೊಟ್ಟೆಯ ಗತಿಯೇನು? ಪ್ರಶ್ನೆ ನ್ಯಾಯವಾದದ್ದು. ಅರ್ಧ ಎಕರೆಯಲ್ಲಿ ಶೇವಂತಿಗೆಯನ್ನೋ ಗುಲಾಬಿಯನ್ನೋ ಬೆಳೆದು ಮಕ್ಕಳನ್ನು ಓದಿಸುವ ಕುಟುಂಬವನ್ನು ಕಬ್ಬಿನ ಗದ್ದೆಯ ಒಡೆಯ ಹಿಂಸಕನೆಂದು ಹಳಿಯುವುದು ಅಹಂಕಾರವಷ್ಟೇ. ಕೃಷ್ಣೆಯ ನೀರಿನಲ್ಲಿ ಕಬ್ಬು ಬೆಳೆಯುವಲ್ಲಿಯೂ ನೇಗಿಲಿದೆ, ಔಷಧವಿದೆ, ಸುಡುವ ರವದಿಯಿದೆ. ನಿಪ್ಪಾಣಿಯ ತಂಬಾಕಿನ ಮಾತಂತೂ ಎತ್ತದಿರುವುದೇ ಲೇಸು. ಆದರೆ ಶ್ರಾವಕಾಚಾರವು ಹಿಂಸೆಯನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಅಡುಗೆ ಮನೆವಾರ್ತೆಯದು ಆರಂಭಿ, ಬೇಸಾಯ ವ್ಯಾಪಾರದ್ದು ಉದ್ಯೋಗಿ, ಆತ್ಮರಕ್ಷಣೆಯದು ವಿರೋಧಿ. ಗೃಹಸ್ಥನು ಇವುಗಳನ್ನು ಪೂರ್ತಿ ಬಿಡಲಾರನೆಂದು ಒಪ್ಪಿ, ಸಂಕಲ್ಪಿ ಹಿಂಸೆಯನ್ನು ಮಾತ್ರ ಕಡ್ಡಾಯವಾಗಿ ಬಿಡಿಸಿತು. ಹಾ‌ದಿಗೆ ಹಾಸಿದ ಗುಲಾಬಿ ಈ ಮೊದಲ ಮೂರರಲ್ಲಿ ಯಾವುದು? ಅದರಿಂದ ಯಾರ ಹಸಿವೆಯೂ ಹಿಂಗಲಿಲ್ಲ, ಯಾರ ಪ್ರಾಣವೂ ಉಳಿಯಲಿಲ್ಲ, ಅರ್ಧ ಗಂಟೆಯ ಮೇಲೆ ಅದು ಚರಂಡಿಯ ಬದಿಯ ಕೆಸರು. ಇದಕ್ಕೆ ಸಮಂತಭದ್ರರು ಹೆಸರನ್ನೂ ಇಟ್ಟಿದ್ದಾರೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯ ಕಡಿಯುವುದು ಪ್ರಮಾದಚರ್ಯೆ, ಅದು ಅನರ್ಥದಂಡ. ಶ್ರಾವಕನ ಮೂರು ಗುಣವ್ರತಗಳಲ್ಲಿ ಒಂದು ಇದನ್ನು ಬಿಡುವುದಕ್ಕಾಗಿಯೇ ಇದೆ. ಹೂವಾಡಿಗನಿಗೆ ಉಪಕಾರ ಮಾಡಬೇಕೆಂಬ ಮನಸ್ಸಿದ್ದವರು ಅವನ ಮಕ್ಕಳ ಶಾಲೆಯ ಫೀ ಕಟ್ಟಬಹುದು. ಅದಕ್ಕೆ ಮುನಿಗಳ ಪಾದವನ್ನು ನೆಪ ಮಾಡಿಕೊಳ್ಳಬೇಕಾಗಿಲ್ಲ.

ಬಸದಿಯ ಗೋಡೆಗಳ ಮೇಲೆ ಲೇಶ್ಯಾವೃಕ್ಷದ ಚಿತ್ರ ಅನೇಕ ಊರುಗಳಲ್ಲಿದೆ. ಹಸಿದ ಆರು ಜನ. ಒಬ್ಬ ಮರವನ್ನೇ ಬುಡಸಹಿತ ಕಡಿಯಹೊರಡುತ್ತಾನೆ, ಒಬ್ಬ ಹೆಗ್ಗೊಂಬೆಯನ್ನು, ಒಬ್ಬ ಕಿರಿಗೊಂಬೆಯನ್ನು, ಒಬ್ಬ ಗೊಂಚಲನ್ನು, ಒಬ್ಬ ಹಣ್ಣನ್ನು ಮಾತ್ರ. ಆರನೆಯವನು ತಾನಾಗಿ ಬಿದ್ದದ್ದನ್ನು ಆರಿಸಿಕೊಳ್ಳುತ್ತಾನೆ. ಅವರಿಗಾದರೂ ಹಸಿವೆಯಿತ್ತು. ಬಿದ್ದ ಪಾರಿಜಾತವನ್ನು ಆರಿಸಿ ಪೂಜೆಗೆ ತರುವ ಅಜ್ಜಿಯರು ಈ ಊರುಗಳಲ್ಲಿ ಇಂದಿಗೂ ಇದ್ದಾರೆ; ಆ ಚಿತ್ರವನ್ನು ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಪುರಪ್ರವೇಶದ ದಿನ ಹಾದಿಯನ್ನು ಹಿಂದಿನ ಸಂಜೆಯೇ ಗುಡಿಸಿ ಬರಿದಾಗಿ ಬಿಡಬೇಕು. ದಳ ಹಾಸುವ ಮೊದಲು ಸಮಿತಿಯವರು ಬರಲಿರುವ ಸಂಘದ ಆಚಾರ್ಯರನ್ನು ನೇರವಾಗಿ ಕೇಳಿ ಅವರ ಉತ್ತರವನ್ನು ಫಲಕದಲ್ಲಿ ಬರೆಯಬೇಕು. ಇನ್ನೊಂದು ಲೆಕ್ಕಪತ್ರದ ಮಾತು. ಪಂಚಕಲ್ಯಾಣ, ಚಾತುರ್ಮಾಸ, ವಿಧಾನಗಳ ಜಮಾಖರ್ಚಿನಲ್ಲಿ ಹೂವಿನ ಮೊತ್ತ ಸಾಮಾನ್ಯವಾಗಿ ‘ಮಂಟಪ ಹಾಗೂ ಇತರೆ’ ಎಂಬ ಬಾಬಿನಡಿ ಸೇರಿಹೋಗಿರುತ್ತದೆ. ಮಂಟಪದವನ ಬಿಲ್ಲಿನಲ್ಲಿ ಅದು ಕಾಣುವುದೇ ಇಲ್ಲ. ಬರುವ ದಶಲಕ್ಷಣ ಪರ್ವದ ಸಭೆಯಿಂದಾದರೂ ಪೂಜೆಯ ಪುಷ್ಪಕ್ಕೆ ಒಂದು ಬಾಬು, ಹಾದಿಗೆ ಎರಚಿದ ಪುಷ್ಪಕ್ಕೆ ಇನ್ನೊಂದು ಬಾಬು ಎಂದು ಬೇರೆಬೇರೆಯಾಗಿ ಬರೆದು, ಕಿಲೋ ಎಷ್ಟು, ರೂಪಾಯಿ ಎಷ್ಟು ಎಂಬುದನ್ನು ಅನಂತಚತುರ್ದಶಿಯಂದು ನೆರೆದ ಶ್ರಾವಕ ಶ್ರಾವಿಕೆಯರ ಎದುರಿಗೆ ಗಟ್ಟಿಯಾಗಿ ಓದಿ ಹೇಳಲಿ.